ಉಸಿರು ಬಿಟ್ಟಾಗಿನ ಅಳತೆ

ಕಪ್ಪು ಪರದೆಯ ಮೇಲೆ ಹಸಿರು ಗೆರೆ ಜಿಗಿದಾಗ ಟೈಲರ್ ಮಾಸ್ಟರಿಗೆ ಅದು ತನ್ನದೇ ದಾರ ಅನ್ನಿಸಿತು, ಯಾರೋ ಎಳೆದು ಬಿಟ್ಟ ಹಾಗೆ.

"ನೋಡಿದ್ರಾ!" ಹೆಂಡತಿ ಕುರ್ಚಿಯಿಂದ ಅರ್ಧ ಎದ್ದಳು. "ಬೆರಳಿಗೆ ಜೀವ ಬಂತು!"

ಪಾರ್ಶ್ವವಾಯು ಹೊಡೆದ ಮೇಲೆ ಬಲಗೈ ಬೇರೆ ಯಾರದೋ ಕೈಯಂತೆ ತೊಡೆಯ ಮೇಲೆ ಕೂತಿತ್ತು. ಮೊಣಕೈಯ ಕೆಳಗೆ, ಬೆರಳು ಬಿಚ್ಚುವ ಸ್ನಾಯುವಿನ ಮೇಲೆ, ಫಿಸಿಯೋ ಕೂದಲು ಬೋಳಿಸಿ, ಸ್ಪಿರಿಟ್ಟಿನಲ್ಲಿ ಒರೆಸಿ, ವೈರಿನ ಬಿಲ್ಲೆಗಳನ್ನು ಅಂಟಿಸಿದ್ದಳು. ಸ್ನಾಯು ಮಿಸುಕಿದರೆ ಪರದೆಯ ಮೇಲೆ ಗೆರೆ ಏಳುತ್ತದೆ. ಇವತ್ತೂ ಏಳದಿದ್ದರೆ ಬಲಗೈಯನ್ನು ಅದರ ಪಾಡಿಗೆ ಬಿಟ್ಟು ಎಡಗೈ ಪಳಗಿಸುವುದೆಂದು ತೀರ್ಮಾನವಾಗಿತ್ತು.

ಫಿಸಿಯೋ ಹಿಗ್ಗಲಿಲ್ಲ. "ಮಾಸ್ಟ್ರೇ, ಭುಜ ಎತ್ತಿದ್ರಿ, ವೈರ್ ಅಲ್ಲಾಡ್ತು. ಇದು ಬೆರಳಿಂದಲ್ಲ."

"ಬಂದಿದ್ದನ್ನ ಬರ್ಕೊಳ್ಳಮ್ಮ, ನಿನ್ನ ಗಂಟೇನು ಹೋಗುತ್ತೆ?" ಎಂದಳು ಹೆಂಡತಿ.

"ಬರ್ಕೋಬಹುದು ಅಮ್ಮಾ. ಆಮೇಲೆ ಇಲ್ಲದ ಶಕ್ತಿ ನಂಬ್ಕೊಂಡು ವ್ಯಾಯಾಮ ಮಾಡಿಸ್ತಾ ಕೂರ್ಬೇಕಾಗುತ್ತೆ."

ಮಾಸ್ಟರು ಕಣ್ಣು ಮುಚ್ಚಿದರು. ಅಂಗಡಿಯ ಕನ್ನಡಿಯೊಳಗಿಂದ ಗಿರಾಕಿಗಳು ಸಾಲಾಗಿ ತೇಲಿ ಬಂದರು. ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಎಲ್ಲರೂ ಹೊಟ್ಟೆ ಒಳಗೆಳೆದುಕೊಳ್ಳುವವರೇ. ಆ ಅಳತೆಗೆ ಹೊಲಿದರೆ ಊಟಕ್ಕೆ ಕೂತಾಗ ಗುಂಡಿ ಹಾರುತ್ತದೆ. ಅದಕ್ಕೇ ಏನಾದರೊಂದು ತಮಾಷೆ ಮಾಡಿ, ಅವರು ನಕ್ಕು ಉಸಿರು ಬಿಟ್ಟಾಗ ಟೇಪು ಹಿಡಿಯುತ್ತಿದ್ದರು. ಸಾಲಿನ ಕೊನೆಯಲ್ಲಿ ಈಗ ಅವರೇ ನಿಂತಿದ್ದರು, ಭುಜ ಎತ್ತಿಕೊಂಡು.

"ಅಳಿಸಮ್ಮ," ಎಂದರು ಕಣ್ಣು ಬಿಟ್ಟು, ತೊದಲುತ್ತ. "ನಾನೂ ಹೊಟ್ಟೆ ಎಳ್ಕೊಂಡಿದ್ದೆ." ಆಮೇಲೆ ಹೆಂಡತಿಯ ಕಡೆ ತಿರುಗಿ, "ನಗೋ ಹಾಗೆ ಏನಾದ್ರೂ ಹೇಳೇ."

"ನಗೋ ಹಾಗಾ? ಮದುವೆಗೆ ನೀವೇ ಹೊಲ್ಕೊಂಡ ಕೋಟಲ್ಲಿ ಬಂದ್ರಲ್ಲ, ಒಂದು ತೋಳು ಗಿಡ್ಡ! 'ಪಾಪ, ಹುಡುಗನ ಕೈಯೇ ಗಿಡ್ಡ ಇರ್ಬೇಕು' ಅಂತ ನಮ್ಮಪ್ಪ ಸುಮ್ಮನಾದ್ರು."

ಮಾಸ್ಟರು ಅರ್ಧ ಮುಖದಲ್ಲೇ ನಕ್ಕರು. ಭುಜ ತಾನಾಗಿ ಜಾರಿತು. ಗೆರೆ ಇಸ್ತ್ರಿ ಮಾಡಿದ ಬಟ್ಟೆಯಂತೆ ಮಲಗಿತು. ಆ ಬಟ್ಟೆ ಪರದೆ ದಾಟಿ, ಮೇಜು ದಾಟಿ, ಕಿಟಕಿಯಾಚೆ ಆಕಾಶದವರೆಗೆ ಹರಡಿಕೊಂಡಿತು. ಮಾಸ್ಟರು ಮತ್ತೆ ಕಣ್ಣು ಮುಚ್ಚಿ, ಅದರ ಅಂಚಿನಲ್ಲಿ ನಿಂತು, ಮನಸ್ಸಿನಲ್ಲೇ ಬೆರಳು ಬಿಡಿಸಿ ಕತ್ತರಿಯ ಬಾಯಿ ಬಿಚ್ಚಿದರು.

ಗೆರೆಯಲ್ಲಿ ಒಂದು ಸಣ್ಣ ಉಬ್ಬು. ಹೊಲಿಗೆಯಷ್ಟು.

ಫಿಸಿಯೋ ವೈರನ್ನು ಒತ್ತಿ ಹಿಡಿದಳು, ಇನ್ನೊಂದು ಕೈಯನ್ನು ಅವರ ಭುಜದ ಮೇಲಿಟ್ಟಳು. "ಇನ್ನೊಂದ್ಸಲ."

ಮತ್ತೆ ಬಂತು.

"ಇದು ಬೆರಳಿಂದೇ," ಎಂದಳು ಮೆಲ್ಲಗೆ. "ನಾಳೆಯಿಂದ ಬಲಗೈಗೇ ವ್ಯಾಯಾಮ."

"ಇಷ್ಟೇನಾ?" ಹೆಂಡತಿ ಪರದೆಗೆ ಮೂಗು ತಾಗಿಸುವಷ್ಟು ಬಾಗಿದಳು. "ಮೊದಲಿನದೇ ದೊಡ್ಡದಿತ್ತು."

"ಇದೇ ಸರಿಯಾದ ಅಳತೆ ಕಣೇ," ಎಂದರು ಮಾಸ್ಟರು. ಕಣ್ಣು ತೆರೆಯಲಿಲ್ಲ. ಆಕಾಶದಷ್ಟು ಬಟ್ಟೆ ಕತ್ತರಿಸುವುದಿತ್ತು.