ಮೂರು ಎಣಿಕೆಯ ಮೌನ

ಎರಡನೆಯ ಒದೆ ಪಕ್ಕೆಗೇ ಬಿತ್ತು. ಹಿಲ್ಡಾ ಅಡುಗೆಮನೆಯ ಮೇಜಿನ ಕಾಲು ಹಿಡಿದುಕೊಂಡು ಮುದುಡಿದಳು.

"ಕೊನೇ ಸಾಲು ಒಬ್ಬಳೇ ಹಾಡ್ಬೇಕಂತೆ! ನಿಂಗ್ಯಾಕೆ ಕೊಟ್ಟ ಆ ಥ್ವೇಟ್? ಬೇರೆ ಹೆಂಗಸರೆಲ್ಲ ಸತ್ತೋಗಿದ್ರಾ?" ಗಂಡ ಸಿರಿಲ್ ಏದುಸಿರು ಬಿಡುತ್ತಿದ್ದ. ಒದೆಯುವಾಗ ಬೂಟಿನ ದಾರ ಬಿಚ್ಚಿಕೊಂಡಿತ್ತು. ಅದನ್ನು ಕಟ್ಟಲೂ ಅವಳನ್ನೇ ಕರೆದ. ಕಟ್ಟಿದಳು.

ಹೇಳುವುದು ಯಾರಿಗೆ? ಪಾದ್ರಿಗೆ ಒಮ್ಮೆ ಹೇಳಿ ನೋಡಿದ್ದಳು. "ಸಿರಿಲ್ಲಾ? ಛೆ, ಅಷ್ಟು ಚೆನ್ನಾಗಿ ಹಾಡೋ ಮನುಷ್ಯ!" ಎಂದು ಚಹಾ ಬಗ್ಗಿಸಿ ಕೊಟ್ಟಿದ್ದರು. ಆ ಯಾರ್ಕ್‌ಷೈರ್ ಗಣಿಯೂರಿನಲ್ಲಿ ಒಳ್ಳೆಯ ಮಂದ್ರಕಂಠಕ್ಕೆ ನೂರು ತಪ್ಪು ಮಾಫಿ.

ಚರ್ಚಿನಲ್ಲಿ ಆರ್ಗನ್ ನುಡಿಸುವ ಥ್ವೇಟ್ ಆರುನೂರು ವರ್ಷ ಹಳೆಯ ಪದ್ಯವೊಂದಕ್ಕೆ, ಶಿಲುಬೆಯ ಕೆಳಗೆ ನಿಂತ ತಾಯಿಯ ಗೋಳಿಗೆ, ಹೊಸದಾಗಿ ರಾಗ ಕಟ್ಟಿದ್ದ. ಮೊಳೆ ಹೊಡೆಯುವ ಭಾಗದಲ್ಲಿ ಮೂವತ್ತು ಜನ ಗಂಟಲು ಹರಿಯುವಂತೆ ಹಾಡಬೇಕು, ಆರ್ಗನ್ ಗುಡುಗಬೇಕು. ಹಿಲ್ಡಾಳ ಬೆನ್ನಿಗೇ ನಿಲ್ಲುವ ಸಿರಿಲ್‌ಗೆ ಆ ಗದ್ದಲವೆಂದರೆ ಹಬ್ಬ. ವಾರಗಳಿಂದ ಅಲ್ಲಿ ಹಾಡುವುದು ಬಿಟ್ಟು ಅವಳ ಕಿವಿಗೆ ಬೆದರಿಕೆ ಸುರಿಯುತ್ತಿದ್ದ. ಪಕ್ಕದಲ್ಲೇ ನಿಂತ ಕಮ್ಮಾರ ಆಂಬ್ಲರ್‌ಗೂ ಅದು ಕೇಳಿಸುತ್ತಿರಲಿಲ್ಲ.

ಇವತ್ತಿನ ಕೊನೆಯ ತಾಲೀಮಿಗೆ ಸಿರಿಲ್ ಬಂದಿರಲಿಲ್ಲ, ಪಬ್ಬಿನಲ್ಲಿದ್ದ. "ಪೆನ್ಸಿಲ್ ತಗೊಳ್ರಪ್ಪಾ," ಎಂದಿದ್ದ ಥ್ವೇಟ್. "ಮೂರನೇ ಪುಟದ ಕೊನೇಲಿ ಎಲ್ಲಾ ಬಾಯಿ ಮುಚ್ಬೇಕು. ಮೂರು ಎಣಿಕೆ, ಮೂರು ಗೀಟು ಎಳ್ಕೊಳ್ಳಿ. ಆರ್ಗನ್ನೂ ಇಲ್ಲ. ಮೊಳೆ ಒಳಗೆ ಹೋಗಿದೆ, ಇನ್ನೇನು ಕೂಗ್ತೀರಿ?"

ಬಾರದವರ ಹಾಡಿನ ಪ್ರತಿಗೆ ಮನೆಯವರು ಗುರುತು ಹಾಕುವುದು ಅಲ್ಲಿಯ ರೂಢಿ. ಹದಿನಾಲ್ಕು ವರ್ಷಗಳಿಂದ ಸಿರಿಲ್‌ನ ಹಾಳೆಗಳ ಮೇಲೆ ಹಿಲ್ಡಾಳದೇ ಕೈ. ಅವಳು ಮೇಜಿನ ಮುಂದೆ ಕಷ್ಟಪಟ್ಟು ಕೂತು ಅವನ ಮೂರನೇ ಪುಟ ತೆರೆದಳು. ಪೆನ್ಸಿಲ್ ಹಿಡಿದು ಬಹಳ ಹೊತ್ತು ನೋಡಿದಳು.

"ಗುರುತೆಲ್ಲ ಹಾಕಿದ್ಯೇನೇ?"

"ಹಾಕಿದೀನಿ," ಎಂದು ಪುಟ ಮುಚ್ಚಿದಳು.

ಗುಡ್ ಫ್ರೈಡೇ ಮಧ್ಯಾಹ್ನ ಚರ್ಚು ಕಿಕ್ಕಿರಿದಿತ್ತು. ಪ್ರತಿ ಉಸಿರಿಗೂ ಹಿಲ್ಡಾಳ ಪಕ್ಕೆಗೆ ಚೂರಿ ಹಾಕಿದಂತಾಗುತ್ತಿತ್ತು. ಮೊಳೆಗಳ ಭಾಗ ಬಂತು, ಆರ್ಗನ್ನಿನ ಅಬ್ಬರಕ್ಕೆ ಕಿಟಕಿ ನಡುಗಿದವು, ಹಿಂದಿನಿಂದ ಆ ಬಿಸಿ ಉಸಿರೂ ಬಂತು. ಥ್ವೇಟ್ ಆರ್ಗನ್ನಿನಿಂದ ಕೈ ಎತ್ತಿ ಮುಷ್ಟಿ ಬಿಗಿದ. ಇಪ್ಪತ್ತೊಂಬತ್ತು ಬಾಯಿ ಒಟ್ಟಿಗೆ ಮುಚ್ಚಿದವು.

"—ಮಿಕ್ಕ ಪಕ್ಕೆನೂ ಒದ್ದು ಮುರೀತೀನಿ, ಹಾದರಗಿತ್ತಿ!"

ಮಾತು ಚರ್ಚಿನ ಸೂರಿಗೆ ತಾಗಿ ವಾಪಸು ಬಂತು. ಮೊದಲ ಸಾಲಿನಲ್ಲಿ ಪಾದ್ರಿ ತಲೆ ಎತ್ತಿದರು. ತಾನು ಬಿದ್ದ ಗುಂಡಿ ಸಿರಿಲ್‌ಗೆ ಆಗ ಹೊಳೆಯಿತು, ಮುಷ್ಟಿ ಎತ್ತಿದ. ಆಂಬ್ಲರ್ ಆ ಕೈಯನ್ನು ಗಾಳಿಯಲ್ಲೇ ಹಿಡಿದು ತಿರುಚಿದ. ಮೂಳೆ ಲಟಕ್ಕೆಂದಿತು. ಕಿರುಚಲು ಬಾಯಿ ತೆರೆದವನ ಮುಖವನ್ನು ಮುಂದಿನ ಕಟಕಟೆಗೆ ಅಪ್ಪಳಿಸಿದ. ಬಿಳಿ ನಿಲುವಂಗಿಯ ಮೇಲೆ ರಕ್ತ ಸುರಿಯಿತು.

"ಸಾಕು, ಹೊರಗೆ ನಡಿ," ಎಂದ ಆಂಬ್ಲರ್ ತಣ್ಣಗೆ. ಇಬ್ಬರು ಗಣಿಯವರು ಸಿರಿಲ್‌ನನ್ನು ದರದರ ಎಳೆದುಕೊಂಡು ಹೋದರು.

ಥ್ವೇಟ್‌ನ ಕೈ ಇನ್ನೂ ಮೇಲೇ ಇತ್ತು. ಅವನು ಹಿಲ್ಡಾಳನ್ನು ನೋಡಿದ. ಅವಳು ನೋವಿನ ಆಳದವರೆಗೂ ಉಸಿರೆಳೆದುಕೊಂಡು ತಾಯಿಯ ಕೊನೆಯ ಸಾಲು ಒಬ್ಬಳೇ ಎತ್ತಿಕೊಂಡಳು.

ಆಂಬ್ಲರ್ ಬಗ್ಗಿ ನೆಲದ ಮೇಲೆ ಬಿದ್ದಿದ್ದ ಸಿರಿಲ್‌ನ ಪ್ರತಿಯನ್ನು ಎತ್ತಿಕೊಂಡ. ಮೂರನೇ ಪುಟದ ಕೊನೆಯಲ್ಲಿ ಗುರುತೇ ಇರಲಿಲ್ಲ. ಮುಂದೆ ನಿಂತವಳ ಹಾಳೆಯತ್ತ ಕಣ್ಣು ಹಾಯಿಸಿದ. ಅಲ್ಲಿ ದಪ್ಪನೆಯ ಮೂರು ಗೀಟು. ಅವನು ತನ್ನ ಮೋಟು ಪೆನ್ಸಿಲ್ ತೆಗೆದು, ಸಿರಿಲ್‌ನ ಹಾಳೆಯ ಮೇಲೆ ಸದ್ದಾಗದಂತೆ ಮೂರು ಗೀಟು ಎಳೆದ.