ಬೆಳಕೆ ಗುಡ್ಡದ ಮಸಿ ಅಣಬೆ

ನನ್ನ ಅಮ್ಮ ಬಂಗಾರಿಗೂ ಪಕ್ಕದ ಮನೆಯ ಮಾಸ್ತಮ್ಮನಿಗೂ ಮಾತು ಬಿಟ್ಟುಹೋದದ್ದು ಒಂದು ಬಟ್ಟಲು ಅಣಬೆ ಸಾರಿನಿಂದ. ಅದಕ್ಕೂ ಮೊದಲು ನಮ್ಮೂರು ಬೆಳಕೆಯಲ್ಲಿ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಕಂಡವರಿಲ್ಲ. ಮಳೆ ಹಿಡಿದರೆ ಇಬ್ಬರೂ ಒಂದೇ ಕೊಡೆಯಡಿ ನಗುತ್ತ ಗುಡ್ಡ ಹತ್ತುತ್ತಿದ್ದರು, ಹಿಂದೆ ಬುಟ್ಟಿ ಹಿಡಿದು ನಾನು.

ಆ ವರ್ಷ ಕೊಳೆತ ಮರದ ಬುಡದಲ್ಲಿ ಸಿಕ್ಕ ಬೂದು ಅಣಬೆಯನ್ನು ಅಮ್ಮ ಸಾರು ಮಾಡಿ ಅವರ ಮನೆಗೂ ಕೊಟ್ಟಳು. ಉಂಡ ಮೇಲೆ ಮಾಸ್ತಮ್ಮನ ಗಂಡನಿಗೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯೋ ವಾಂತಿ. ಭಟ್ಕಳದ ಆಸ್ಪತ್ರೆಗೆ ಒಯ್ದರು.

"ನಿನ್ನ ಅಣಬೆಯಿಂದಲೇ ಆತು" ಎಂದಳು ಮಾಸ್ತಮ್ಮ.

"ನಾವೆಲ್ಲ ತಿಂದು ಗಟ್ಟಿ ಇಲ್ವಾ? ಅವ ಕುಡಿದ ಸಾರಾಯಿ ಅದು" ಎಂದಳು ಅಮ್ಮ.

ಗಂಡ ಹುಷಾರಾದ. ಇವರಿಬ್ಬರ ಸ್ನೇಹ ಹುಷಾರಾಗಲಿಲ್ಲ. ಮಾಸ್ತಮ್ಮ ಮಗಳ ಜೊತೆ ಇರಲು ತದಡಿಗೆ ಹೋದ ಮೇಲೂ ಅಮ್ಮನದು ಒಂದೇ ರಾಗ: ಗಂಡನ ಮರ್ಯಾದೆ ಉಳಿಸಲು ಅವಳು ಸುಳ್ಳು ಹೇಳಿದಳು. ಅಣಬೆ ಮತ್ತೆ ನಮ್ಮ ಮನೆಯ ಹೊಸಿಲು ದಾಟಲಿಲ್ಲ.

ಅಂಥ ಮನೆಯ ಮಗಳು ನಾನು ಕುಮಟಾದಲ್ಲಿ ಅಣಬೆಗಳ ಮೇಲೇ ಸಂಶೋಧನೆಗೆ ಕೂತೆ. ಈ ಮಳೆಗಾಲ ಅದೇ ಜಾಗದಿಂದ ಅದೇ ಬೂದು ಅಣಬೆ ತಂದೆ. ಟೊಪ್ಪಿಯ ಮೇಲೆ ನವಿರು ಗೆರೆ, ಅಡಿಯಲ್ಲಿ ಒತ್ತೊತ್ತಾದ ಪದರ. ಬೆಳಗಾಗುವಷ್ಟರಲ್ಲಿ ತಟ್ಟೆಯಲ್ಲಿ ಕರಗಿ ಮಸಿಯಾಗಿತ್ತು. ಹೀಗೆ ಮಸಿಯಾಗುವ ಜಾತಿ ಹಲವಿವೆ, ಕಣ್ಣನ್ನು ನಂಬುವಂತಿಲ್ಲ. ಒಂದು ಚೂರನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿದೆ. ಉತ್ತರ ಬಂದ ದಿನವೇ ಊರಿಗೆ ಓಡಿದೆ.

ಅಮ್ಮ ಜಗಲಿಯಲ್ಲಿ ಸಿಗಡಿ ಸುಲಿಯುತ್ತಿದ್ದಳು.

"ಅಣಬೆಯ ಜಾತಿ ಗೊತ್ತಾಯಿತಮ್ಮ. ಬರೀ ತಿಂದರೆ ಏನೂ ಆಗುವುದಿಲ್ಲ. ಜೊತೆಗೆ ಸಾರಾಯಿ ಕುಡಿದರೆ ಮೈಯೆಲ್ಲ ವಿಷ."

"ಹಾಂಗಾರೆ ನಾ ಹೇಳಿದ್ದೇ ಸಮ ಆತು."

"ಮಾಸ್ತಮ್ಮ ಹೇಳಿದ್ದೂ ಸಮ. ಅಣಬೆ ಇಲ್ಲದಿದ್ದರೆ ಅವರ ಗಂಡನಿಗೆ ಹಾಗಾಗುತ್ತಿರಲಿಲ್ಲ."

ಗೆದ್ದೆ ಎಂದು ಅಮ್ಮ ಊರಿಗೆಲ್ಲ ಸಾರುತ್ತಾಳೆ ಅಂದುಕೊಂಡಿದ್ದೆ. ಅವಳ ಕೈ ನಿಂತೇ ಹೋಯಿತು.

"ಅವಳು ಸುಳ್ಳು ಹೇಳಲಿಲ್ಲ ಅಲ್ದನೆ" ಎಂದಳು. ಸಿಗಡಿ ವಾಸನೆಯ ಕೈಯಿಂದ ಕಣ್ಣೊರೆಸಲಾಗದೆ ತೋಳಿನಿಂದ ಒರೆಸಿಕೊಂಡಳು.

"ಫೋನ್ ಮಾಡಿ ಕೊಡಲಾ?"

"ಫೋನ್ ಎಂತಕ್ಕೆ? ಪಟ್ಟಂತ ಇಟ್ಟುಬಿಡ್ತಾಳೆ. ತದಡಿಗೆ ಹೋಗಿ ಬಾಗಿಲಲ್ಲೇ ನಿಂತ್ರೆ ಒಳಗೆ ಕರೀದೆ ಎಲ್ಲಿ ಹೋಗ್ತಾಳೆ."

ಸಿಗಡಿಯನ್ನು ನನ್ನ ಮುಂದೆ ತಳ್ಳಿ, ಅಮ್ಮ ಸೀರೆ ಬದಲಿಸಲು ಒಳಗೆ ಹೋದಳು.