ಎಡಗಡೆಯ ಮಂಚದ ಭಾರ

ಹಳೇ ಟ್ರೇಲರ್ ಕೊಳ್ಳಲು ಬಂದ ಟ್ರೆಂಟನನ್ನು ಆರ್ಡಿಸ್ ಅಜ್ಜಿ ಮೊದಲು ಕೇಳಿದ್ದೇ ಅದನ್ನು.

"ಮಕ್ಕಳಿದಾರಾ?"

"ಒಬ್ಬಳು ಮಗಳು, ಮಾರೆನ್ ಅಂತ. ಎಂಟು ವರ್ಷ," ಎಂದ ಟ್ರೆಂಟ್.

"ಹಾಗಾದ್ರೆ ಸರಿ. ಬೆಳಿಗ್ಗೆ ಮೀನು ಹಿಡಿಯೋರು ಇಬ್ಬರು ಬಂದಿದ್ರು, ಈಗಲೇ ಕಟ್ಕೊಂಡು ಹೋಗ್ತೀವಿ ಅಂತ. ಕೊಡಲ್ಲ ಅಂದೆ."

ಅಜ್ಜಿಯ ಹಿತ್ತಲಿನಲ್ಲಿ ಆ ಮಡಚುವ ಟ್ರೇಲರ್ ಬಿಚ್ಚಿಕೊಂಡು ನಿಂತಿತ್ತು. ಮಡಚಿದಾಗ ಸೊಂಟದೆತ್ತರದ ದೊಡ್ಡ ಪೆಟ್ಟಿಗೆ. ಹಿಡಿಕೆ ತಿರುಗಿಸುತ್ತ ಹೋದರೆ ಪೆಟ್ಟಿಗೆಯ ಮುಚ್ಚಳವೇ ನಾಲ್ಕು ಮೂಲೆಯ ಕಂಬಗಳ ಮೇಲೆ ಮಾಡಾಗಿ ಏಳುತ್ತದೆ, ಎರಡೂ ತುದಿಯಿಂದ ಮೇಜಿನ ಡ್ರಾಯರಿನಂತೆ ಎರಡು ಮಂಚಗಳು ಹೊರಗೆ ಜಾರುತ್ತವೆ, ಸುತ್ತಲೂ ಕ್ಯಾನ್ವಾಸಿನ ಗೋಡೆ. ಮಿನ್ನೆಸೋಟದ ನಮ್ಮ ಕೆರೆಗಳ ಸೀಮೆಯಲ್ಲಿ ಇಂಥದ್ದೊಂದರಲ್ಲಿ ಮಲಗದೆ ಬೆಳೆದ ಮಗು ಕಡಿಮೆ. ಇದು ಮಾತ್ರ ತೀರ ಹಳೆಯದು. ನೆಲದ ಹಲಗೆ ಒಂದು ಕಡೆ ನೆನೆದ ಬಿಸ್ಕತ್ತಿನಂತೆ ಮೆತ್ತಗಾಗಿತ್ತು. ಕ್ಯಾನ್ವಾಸಿನಲ್ಲಿ ಇಲಿ ಕಡಿದ ತೂತುಗಳಿದ್ದವು. ಆದರೆ ಟ್ರೆಂಟನಿಗೆ ಕೈಕೆಲಸ ಇಷ್ಟ, ಮತ್ತು ಅವನ ಕೈಯಲ್ಲಿ ಸಮಯವೂ ಬೇಕಾದಷ್ಟಿತ್ತು. ಹೆಂಡತಿ ಕ್ರಿಸ್ಟಿನಳಿಂದ ಬೇರೆಯಾದ ಮೇಲೆ ಅವನ ಸಂಜೆಗಳೆಲ್ಲ ಖಾಲಿಯೇ.

ಮಡಚುವ ಮುಂಚೆ ಅಜ್ಜಿ ಟ್ರೇಲರಿನ ಬಾಗಿಲು ತೆರೆದು ಹಿಡಿದಳು. ಒಳಕ್ಕೆ ಬಗ್ಗಿ, "ಹೊರಡೋಣ ಕಂದಾ, ಇಳಿ," ಎಂದಳು. ಹಾಗೇ ನಿಂತಳು.

"ಒಳಗೆ ಯಾರಿದಾರೆ?" ಎಂದ ಟ್ರೆಂಟ್.

"ಒಂದ್ಸಲ ನಮ್ಮ ಬೆಕ್ಕನ್ನೇ ಸೇರಿಸಿ ಮಡಚಿಬಿಟ್ಟಿದ್ವಿ. ಆವಾಗಿಂದ ಕರೆದೇ ಮುಚ್ಚೋದು. ಕರೆದು ಸ್ವಲ್ಪ ಕಾಯಬೇಕು ಮಗಾ. ಬೇಗ ಇಳಿಯಲ್ಲ."

ಅದೇನು ವಿಚಿತ್ರವಲ್ಲ. ಮಡಚುವ ಮುಂಚೆ ಎಲ್ಲರೂ ಇಳಿದರಾ ಎಂದು ಕೂಗುವುದು ಇಂಥ ಟ್ರೇಲರಿರುವ ಮನೆಗಳಲ್ಲಿ ರೂಢಿಯೇ. ವಿಚಿತ್ರವೆನಿಸಿದ್ದು ಆಮೇಲೆ. ಟ್ರೇಲರನ್ನು ಪಿಕಪ್ಪಿಗೆ ಕಟ್ಟಿ ಮುಗಿದ ಮೇಲೆ ಅಜ್ಜಿ ನಿಧಾನವಾಗಿ ನಡೆದು ಬಂದು ಅವನ ಪಿಕಪ್ಪಿನ ಹಿಂದಿನ ಸೀಟಿನ ಬಾಗಿಲು ತೆರೆದಳು, ಸುಮ್ಮನೆ ನಿಂತಳು, ಮಲಗಿದ ಮಗುವಿನ ಕೋಣೆಯದೇನೋ ಎಂಬಂತೆ ಮೆತ್ತಗೆ ಮುಚ್ಚಿದಳು. ವಯಸ್ಸಾಯಿತು ಪಾಪ, ಎಂದುಕೊಂಡು ಟ್ರೆಂಟ್ ಗಾಡಿ ಬಿಟ್ಟ.

ಅವನ ಅವಸರಕ್ಕೆ ಕಾರಣ ಮಾರೆನ್. ಕಳೆದ ಸಲ ಅಪ್ಪನ ಮನೆಗೆ ಬಂದವಳು ಮಾರನೇ ದಿನವೇ ಅಮ್ಮನಿಗೆ ಫೋನು ಮಾಡಿ, "ಇಲ್ಲಿ ಯಾರೂ ಇಲ್ಲ, ಕರ್ಕೊಂಡು ಹೋಗು" ಎಂದಿದ್ದಳು. ಕ್ರಿಸ್ಟಿನ್ ಜಗಳವಾಡಲಿಲ್ಲ. "ಈ ಬೇಸಿಗೇಲೂ ಅವಳಿಗೆ ಬೇಜಾರಾದ್ರೆ ಇನ್ಮೇಲೆ ಬಲವಂತ ಮಾಡಿ ಕಳಿಸಲ್ಲ ಟ್ರೆಂಟ್," ಎಂದಿದ್ದಳು, ಅಷ್ಟೆ. ಹಾಗಾಗಿ ಮಗಳ ಜೊತೆ ಕೆರೆಯ ದಂಡೆಯಲ್ಲಿ ಈ ಟ್ರೇಲರ್ ಹಾಕಿ ಕಳೆಯಬೇಕೆಂದಿದ್ದ ನಾಲ್ಕು ದಿನ ಕೆಡುವಂತಿರಲಿಲ್ಲ.

ಪಕ್ಕದ ಮನೆಯ ಗಾರ್ಡಿ ಕರೆಯದೇ ಬಂದ. ಅಲ್ಲಿ ಯಾರಾದರೂ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರೆ ಅವನಿಗೆ ವಾಸನೆ ಬಡಿಯುತ್ತಿತ್ತು. ಇಬ್ಬರೂ ಸೇರಿ ಕೊಳೆತ ಹಲಗೆ ಕಿತ್ತು ಪ್ಲೈವುಡ್ ಕೂರಿಸಿದರು. ಮಾಡನ್ನು ಎತ್ತುವ ಕೇಬಲ್ ಬದಲಿಸಿದರು, ತುಕ್ಕು ಹಿಡಿದ ರಾಟೆಗಳಿಗೆ ಗ್ರೀಸು ತಿನ್ನಿಸಿದರು. ಕ್ಯಾನ್ವಾಸಿನ ತೂತುಗಳಿಗೆ ಗಾರ್ಡಿ ತೇಪೆ ಹಾಕಿದ್ದು ಹಲ್ಲಿನ ಸಂದಿ ತಿಕ್ಕುವ ದಾರದಿಂದ.

"ಈ ದಾರ ಕೊಳೆಯಲ್ಲ ಕಣಯ್ಯಾ. ಮೇಲಾಗಿ ಪುದೀನ ವಾಸನೆ ಪುಕ್ಕಟೆ."

"ನಿಮ್ಮ ಹಲ್ಲಿಗೂ ಒಂದ್ಸಲ ತೋರ್ಸಿ ಅದನ್ನ."

"ಇರೋ ನಾಲ್ಕು ಹಲ್ಲಿಗೆ ಸಂದಿ ಎಲ್ಲಿ ಬಂತೋ."

ತಕರಾರು ತೆಗೆದದ್ದು ಎಡಗಡೆಯ ಮಂಚ. ಟ್ರೇಲರಿನ ನೆಲದ ಮೇಲೆ ಇಟ್ಟ ರಸಮಟ್ಟ ಸಂಜೆ ನೋಡಿದಾಗ ಸರಿಯಾಗಿರುತ್ತಿತ್ತು; ಬೆಳಿಗ್ಗೆ ಬಂದರೆ ಗುಳ್ಳೆ ಬಲಕ್ಕೆ ಸರಿದಿರುತ್ತಿತ್ತು. ಎಡಕ್ಕೆ ಭಾರ ಬಿದ್ದಿದೆ ಎಂದರ್ಥ. ಮಂಚದ ಕೆಳಗಿನ ಆನಿಕೆಯ ಸರಳುಗಳು ಬಾಗಿರುತ್ತಿದ್ದವು. ಗಾರ್ಡಿ ಮೊದಲು ಕೆಳಗಿನ ಮಣ್ಣು ಮೆತ್ತಗಿದೆ ಎಂದ, ಆಮೇಲೆ ಜಾಕು ಜಾರಿದೆ ಎಂದ, ಕೊನೆಗೆ ಸರಳುಗಳದ್ದೇ ತಪ್ಪು ಎಂದು ತೀರ್ಮಾನಿಸಿ ದಪ್ಪ ಪೈಪು ತಂದು ಹೊಸ ಆನಿಕೆ ಮಾಡಿಕೊಟ್ಟ. ಮಾರನೇ ಬೆಳಿಗ್ಗೆ ಅವೂ ಬಾಗಿದ್ದವು.

"ಯಾರೋ ಬಾಡಿಗೆ ಕೊಡದೆ ಮಲಗ್ತಿದಾರೆ ಕಣೋ," ಎಂದು ಗಾರ್ಡಿ ನಕ್ಕ.

ಟ್ರೆಂಟ್ ನಗಲಿಲ್ಲ. ಹೊಸದಾಗಿ ಕತ್ತರಿಸಿ ಹಾಕಿದ ಫೋಮಿನ ಹಾಸಿಗೆಯನ್ನು ಅವನು ಆಗಲೇ ನೋಡಿದ್ದ. ಅದರ ಮೇಲೊಂದು ಗುಳಿ ಬಿದ್ದಿತ್ತು, ಮೊಣಕಾಲು ಮಡಚಿ ಮಗ್ಗುಲಾದವರದ್ದು. ಗುಳಿ ಚಿಕ್ಕದು. ಅವನು ಹಾಸಿಗೆಯನ್ನು ಮಗುಚಿ ಹಾಕಿದ. ಮಾರನೇ ದಿನ ಆ ಮಗ್ಗುಲಲ್ಲೂ ಗುಳಿಯಿತ್ತು.

ಹೊರಡುವ ಎರಡು ದಿನ ಮುಂಚೆ ಒಮ್ಮೆ ಮಡಚಿ ನೋಡೋಣವೆಂದು ಇಬ್ಬರೂ ಮಧ್ಯಾಹ್ನ ಕೂತರು. ಎಡಮಂಚ ಒಳಗೆ ಜಾರದೆ ಹಟ ಮಾಡಿತು. ನೂಕಿ ಸೇರಿಸಿದರು. ಹಿಡಿಕೆ ತಿರುಗಿಸಿದಂತೆ ಮಾಡು ಇಳಿಯಿತು, ಇನ್ನೇನು ಒಂದು ಗೇಣು ಇದೆ ಎನ್ನುವಾಗ ನಿಂತಿತು.

"ಸರಿ ಸರಿ, ಇದಕ್ಕೆ ಬೇಕಾಗಿರೋದು ನಾನು," ಎಂದು ಗಾರ್ಡಿ ತನ್ನ ಹೊಟ್ಟೆಯ ಸಮೇತ ಮಾಡಿನ ಅಂಚಿನ ಮೇಲೆ ಭಾರ ಬಿಟ್ಟ. "ನನ್ನ ತೂಕಕ್ಕೂ ಇಳಿಯಲ್ಲ ಅಂದ್ರೆ ಇದೇನು ಟ್ರೇಲರೋ ನನ್ನ ಅತ್ತೆಯೋ..."

ಮಾತು ಅಲ್ಲೇ ನಿಂತಿತು. ಮಾಡಿಗೂ ಪೆಟ್ಟಿಗೆಗೂ ನಡುವೆ ಹಿಂಡಿಕೊಂಡಿದ್ದ ಕ್ಯಾನ್ವಾಸು ಅವನ ಮೊಣಕೈ ಪಕ್ಕದಲ್ಲಿ ಒಳಗಿನಿಂದ ಉಬ್ಬಿತು. ಐದು ಬೆರಳು ಸ್ಪಷ್ಟವಾಗಿ ಮೂಡಿದವು. ಅಂಗೈ ಅವನದರ ಅರ್ಧದಷ್ಟೂ ಇರಲಿಲ್ಲ. ಅದು ತಳ್ಳುತ್ತಿತ್ತು, ಜೋರಾಗಿಯೂ ಅಲ್ಲ, ಸಿಟ್ಟಿನಿಂದಲೂ ಅಲ್ಲ. ನಾನಿನ್ನೂ ಇಲ್ಲಿದ್ದೇನೆ ಎಂದು ತಿಳಿಸುವ ಹಾಗೆ.

ಗಾರ್ಡಿ ಮಾಡಿನಿಂದ ಕೈ ತೆಗೆದ. ಟೋಪಿ ಸರಿಮಾಡಿಕೊಂಡ. "ಮನೇಲಿ ಸ್ವಲ್ಪ ಕೆಲಸ ಇದೆ," ಎಂದು ಬೇಲಿಯ ಕಡೆ ನೋಡುತ್ತ ಹೇಳಿ ಹೊರಟುಹೋದ. ಉಪಕರಣಗಳ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟಿದ್ದ. ಗಾರ್ಡಿ ಅದನ್ನು ಬಿಟ್ಟು ಹೋದದ್ದನ್ನು ಟ್ರೆಂಟ್ ಅದೇ ಮೊದಲು ನೋಡಿದ್ದು.

ಒಬ್ಬನೇ ಉಳಿದ ಟ್ರೆಂಟ್ ಮಾಡನ್ನು ಮತ್ತೆ ಎತ್ತಿದ. ಬಾಗಿಲು ತೆರೆದು ಹಿಡಿದ. ನಾಚಿಕೆಯಾಯಿತು. "ಹೊರಡೋಣ. ಇಳಿ," ಎಂದ. ಏನೂ ಆಗಲಿಲ್ಲ. ಅಜ್ಜಿ ಕಾಯಬೇಕು ಎಂದಿದ್ದಳಲ್ಲ, ಕಾದ. ಬಾಗಿಲ ಕೆಳಗಿನ ತಗಡಿನ ಮೆಟ್ಟಿಲು ಕಿರ್ ಎಂದು ತಗ್ಗಿತು, ಮತ್ತೆ ಮೇಲೆದ್ದಿತು. ಆಮೇಲೆ ಮಾಡು ಬೆಣ್ಣೆಯಂತೆ ಇಳಿದು ಕೂತಿತು.

ಅಜ್ಜಿಗೆ ಫೋನು ಮಾಡಿದ.

"ಅದು ಯಾರು?"

"ಗೊತ್ತಿಲ್ಲ ಮಗಾ. ನಾವು ಕೊಂಡಾಗ ಮಾರಿದೋರು ಕರೆದ್ರು. ನಾವೂ ಕರೆದ್ವಿ. ಹುಡುಗಿ ಅಂತ ನಮ್ಮ ಮಕ್ಕಳು ಹೇಳೋರು. ಯಾರ ಮನೆ ಮಗು ಅಂತ ಕೇಳೋಕೆ ಮನಸ್ಸು ಬರ್ಲಿಲ್ಲ. ತುಂಬ ಒಳ್ಳೇದು, ತೊಂದ್ರೆ ಕೊಡಲ್ಲ."

"ನನ್ನ ಮಗಳು ಅದರಲ್ಲಿ ಮಲಗ್ತಾಳೆ ಅಜ್ಜೀ."

"ಅದಕ್ಕೇ ಅಲ್ವಾ ನಿನಗೆ ಕೊಟ್ಟಿದ್ದು. ನನ್ನ ಮಕ್ಕಳು ಮೊಮ್ಮಕ್ಕಳೆಲ್ಲ ದೊಡ್ಡೋರಾದ್ರು. ಅವಳಿಗೂ ಬೇಜಾರಾಗಲ್ವಾ."

ಕೆರೆಯ ಪ್ರವಾಸ ರದ್ದು ಮಾಡಬೇಕೆಂದು ಅವನು ಕ್ರಿಸ್ಟಿನಳಿಗೆ ಫೋನು ಹಚ್ಚಿದ. ಎತ್ತಿಕೊಂಡವಳು ಮಾರೆನ್. "ಅಪ್ಪಾ, ನಾನು ಟಾರ್ಚಿಗೆ ಹೊಸ ಸೆಲ್ ಹಾಕ್ಕೊಂಡೆ," ಎಂದಳು. ಅವನ ಬಾಯಿಂದ ರದ್ದು ಎಂಬ ಮಾತು ಬರಲಿಲ್ಲ.

ಹೊರಟ ದಿನ ಮಾರೆನ್ ತನ್ನ ಸಾಮಾನು ತುಂಬಿ ಮುಗಿಸುವವರೆಗೂ ಪಿಕಪ್ಪಿನ ಹಿಂದಿನ ಎರಡೂ ಬಾಗಿಲು ತೆರೆದೇ ಇದ್ದವು. ಕೆರೆಯ ದಂಡೆಯಲ್ಲಿ ಟ್ರೇಲರ್ ಬಿಚ್ಚಿ ನಿಲ್ಲಿಸಿದೊಡನೆ ಅವಳು ಒಳಗೆ ನುಗ್ಗಿದಳು. ಮುಂಚೆಯೇ ಯೋಚಿಸಿಟ್ಟಿದ್ದಂತೆ ಟ್ರೆಂಟ್, "ನೀನು ಬಲಗಡೆ ಮಂಚ ತಗೋ ಪುಟ್ಟಾ," ಎಂದ.

"ಮತ್ತೆ ಇನ್ನೆಲ್ಲಿ? ಆ ಕಡೆ ಜಾಗ ಇಲ್ವಲ್ಲ," ಎಂದಳು ಅವಳು, ದಿಂಬು ಹಾಕುತ್ತ.

ಅವನು ಎರಡು ಮಂಚಗಳ ನಡುವಿನ ಬೆಂಚಿನ ಮೇಲೆ ಮಲಗಿದ. ಕಣ್ಣು ಮುಚ್ಚಿದ್ದು ಕಡಿಮೆ. ಆದರೆ ಹಗಲು ನೋಡಿದರೆ ಮಾರೆನ್ ಬೇರೆಯೇ ಹುಡುಗಿಯಾಗಿದ್ದಳು. ನೀರಿನಂಚಿನಲ್ಲಿ ಕೂತು ಯಾರಿಗೋ ಇಸ್ಪೀಟು ಹಂಚುತ್ತಿದ್ದಳು, ಸೋತಾಗ ಕೊಸರಾಡುತ್ತಿದ್ದಳು, "ನೀನು ಮೋಸ ಮಾಡ್ತೀಯ ಹೋಗು" ಎಂದು ನಗುತ್ತಿದ್ದಳು. ಪ್ಯಾನ್‌ಕೇಕ್ ಮಾಡಿದಾಗ ಇನ್ನೊಂದು ತಟ್ಟೆ ಕೇಳಿದಳು. ಅವನು ಹಾಕಿಕೊಟ್ಟ. ಆ ತಟ್ಟೆಯದು ಹಾಗೇ ಉಳಿಯುತ್ತಿತ್ತು, ಅದರ ಮೇಲಿನ ಮೇಪಲ್ ಪಾಕ ಮಾತ್ರ ಇರುತ್ತಿರಲಿಲ್ಲ. ಅಮ್ಮನ ಫೋನು ಬಂದರೆ, "ಈಗಾಗಲ್ಲ ಅಮ್ಮಾ, ಆಡ್ತಿದೀವಿ," ಎಂದು ಇಟ್ಟುಬಿಟ್ಟಳು. ವರ್ಷದಿಂದ ಅವನು ಕೇಳಬೇಕೆಂದಿದ್ದ ಮಾತು ಅದೇ. ಕೇಳಿದಾಗ ಮಾತ್ರ ಅವನ ಕಣ್ಣು ಆ ಇನ್ನೊಂದು ತಟ್ಟೆಯ ಕಡೆ ಹೋಯಿತು.

ಹೊರಡುವ ಬೆಳಿಗ್ಗೆ ಅವನು ಮನಸ್ಸಿನಲ್ಲಿ ನಿರ್ಧರಿಸಿದ್ದ. ಕರೆಯುವುದು, ಇಳಿಸುವುದು, ಮಡಚುವುದು, ಹೊರಟುಬಿಡುವುದು. ಇಳಿದವಳು ಇಲ್ಲೇ ಇರಲಿ. ಕೆರೆಯಿದೆ, ಮರಗಳಿವೆ, ಬೇಸಿಗೆಯುದ್ದಕ್ಕೂ ಬರುವ ಮಕ್ಕಳಿದ್ದಾರೆ.

"ಹೊರಡೋಣ, ಇಳೀರಿ," ಎಂದು ಬಾಗಿಲು ಹಿಡಿದ. ಮಾರೆನ್ ಧುಮುಕಿದಳು, ಮೆಟ್ಟಿಲು ತಗ್ಗಿ ಎದ್ದಿತು. ಮತ್ತೊಮ್ಮೆ, ಹಗುರವಾಗಿ, ತಗ್ಗಿ ಎದ್ದಿತು. ಟ್ರೇಲರ್ ಚಕಾರವೆತ್ತದೆ ಮಡಚಿಕೊಂಡಿತು. ಅವನು ಬೇಗ ಬೇಗ ಕೊಕ್ಕೆ ಸಿಕ್ಕಿಸಿದ, ಮಾರೆನ್‌ಳನ್ನು ಹಿಂದಿನ ಸೀಟಿಗೆ ಹತ್ತಿಸಿದ, ತಾನೂ ಕೂತು ಗಾಡಿ ಸ್ಟಾರ್ಟ್ ಮಾಡಿದ.

"ಅಪ್ಪಾ, ಆ ಕಡೆ ಬಾಗಿಲು ತೆಗೀಲಿಲ್ಲ."

"ಬೇಡ ಪುಟ್ಟಾ. ಹೊತ್ತಾಯ್ತು."

ಅವಳು ಅಳಲಿಲ್ಲ. ಕಿಟಕಿಯಾಚೆ ಪೈನ್ ಮರದ ಬುಡವನ್ನು ನೋಡುತ್ತಿದ್ದಳು. ಅಲ್ಲಿ ಯಾರೂ ಇರಲಿಲ್ಲ. ಹುಲ್ಲು ಮಾತ್ರ ಎರಡು ಪಾದದಷ್ಟು ಜಾಗದಲ್ಲಿ ಒರಗಿತ್ತು.

"ಆವತ್ತು ನೀನು ಮನೆ ಬಿಟ್ಟು ಹೋದಾಗ್ಲೂ ಹೀಗೇ ಗಾಡಿ ಸ್ಟಾರ್ಟ್ ಮಾಡ್ಕೊಂಡು ಕೂತಿದ್ದೆ," ಎಂದಳು. "ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ನೀನು ಕರೀತೀಯ ಅಂತ."

ಟ್ರೆಂಟ್ ಕನ್ನಡಿಯಲ್ಲಿ ಮಗಳ ಮುಖ ನೋಡಿದ. ಮುಂದೆ ಖಾಲಿ ರಸ್ತೆ ಬಿಸಿಲಲ್ಲಿ ಬಿದ್ದಿತ್ತು. ಒಂದು ಸಲ ಕಾಲು ಒತ್ತಿದ್ದರೆ ಸಾಕಿತ್ತು.

ಅವನು ಇಂಜಿನ್ ಆರಿಸಿ ಇಳಿದ. ಸುತ್ತಿ ಬಂದು ಆ ಕಡೆಯ ಹಿಂದಿನ ಬಾಗಿಲು ತೆರೆದು ಹಿಡಿದ. ಯಾವ ಕಡೆ ನೋಡಬೇಕೋ ತಿಳಿಯದೆ ತನ್ನ ಬೂಟುಗಳನ್ನೇ ನೋಡುತ್ತ ಕಾದ. ಪಕ್ಕದಲ್ಲಿ ತಣ್ಣಗೆ ಏನೋ ಹಾದುಹೋಯಿತು, ಕೆರೆಯಿಂದ ಈಗಷ್ಟೇ ಎದ್ದು ಬಂದ ಮಗು ಹಾದಂತೆ. ಪಿಕಪ್ಪು ಕೂದಲೆಳೆಯಷ್ಟು ಕುಸಿಯಿತು. ಮಾರೆನ್ ಸರಿದು ಜಾಗ ಬಿಟ್ಟಳು.

"ಅವಳಿಗೆ ಬೆಲ್ಟ್ ಹಾಕ್ಕೊಳ್ಳೋಕೆ ಬರಲ್ಲ ಅಪ್ಪಾ. ಆಗಸ್ಟಲ್ಲಿ ಬಂದಾಗ ಕಲಿಸ್ತೀನಿ. ಈಗ ನೀನೇ ಹಾಕು."

ಅವನು ಬೆಲ್ಟನ್ನು ಎಳೆದು ಖಾಲಿ ಸೀಟಿಗೆ ಅಡ್ಡಲಾಗಿ ತಂದು ಸಿಕ್ಕಿಸಿ ಕೈ ಬಿಟ್ಟ. ಪಟ್ಟಿ ಹಿಂದಕ್ಕೆ ಸರಿದು ಬಿಗಿಯಾಯಿತು, ಆದರೆ ಸೀಟಿಗೆ ತಾಗಲಿಲ್ಲ. ಒಂದು ಗೇಣು ಈಚೆಗೇ ನಿಂತು, ಮೆಲ್ಲಗೆ ಮೇಲೆ ಕೆಳಗೆ ಉಸಿರಾಡತೊಡಗಿತು.